ಬೆರಿಲ್ ಹೊಡೆದ ಮೊದಲ ಗೋಲು

ಹ್ಯಾಸಲ್‌ಡೆನ್ ಲೇಡೀಸ್ ಕ್ಲಬ್ಬಿನ ಮೊಟ್ಟಮೊದಲ ಗೋಲು ಹೊಡೆದವಳು ಬೆರಿಲ್ ಆರ್ಮರಾಡ್ ಅಂತ ಊರಿಗೆ ಊರೇ ಐವತ್ತು ವರ್ಷದಿಂದ ನಂಬಿಕೊಂಡು ಬಂದಿತ್ತು. ನಂಬದಿದ್ದವರು ಇಬ್ಬರೇ. ಒಬ್ಬಳು ನೋರೀನ್ ಟ್ಯಾಟರ್ಸಾಲ್, ಯಾಕಂದರೆ ಆ ಗೋಲು ಹೊಡೆದವಳು ಅವಳು. ಇನ್ನೊಬ್ಬಳು ಸ್ವತಃ ಬೆರಿಲ್.

ಆಗಿದ್ದಿಷ್ಟು. ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಹೆಂಗಸರು ಫುಟ್‌ಬಾಲ್ ಆಡೋದಕ್ಕೆ ದೇಶದ ಫುಟ್‌ಬಾಲ್ ಸಂಘದ ಯಾವ ಮೈದಾನವನ್ನೂ ಕೊಡುವ ಹಾಗಿರಲಿಲ್ಲ. ಬಿಸ್ಕತ್ತು ಕಾರ್ಖಾನೆಯ ಹುಡುಗಿಯರು ಕೇಳಬೇಕಲ್ಲ! ದನ ಮೇಯುವ ಹೊಲವೊಂದನ್ನು ಹಿಡಿದು, ಸಗಣಿ ಬಾಚಿ, ಕೋಟು ಗುಡ್ಡೆ ಹಾಕಿ ಗೋಲು ಮಾಡಿಕೊಂಡು ಆಟ ಶುರುಮಾಡಿಯೇಬಿಟ್ಟರು. ಹದಿನೇಳರ ನೋರೀನಳ ಅಪ್ಪ ಗಂಡಸರ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುತ್ತಿದ್ದ. ‘ನಿನ್ನ ಮಗಳು ಆ ಹೊಲದಲ್ಲಿ ಕಾಣಿಸಿದರೆ ನೀನು ಬೇರೆ ಕೆಲಸ ನೋಡ್ಕೋ’ ಅಂತ ಅಲ್ಲಿನ ಯಜಮಾನ ಅವನಿಗೆ ಮೊದಲೇ ಹೇಳಿಬಿಟ್ಟಿದ್ದ. ಹಾಗಾಗಿ ನೋರೀನ್ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಗೆಳತಿಯ ಹೆಸರಿಟ್ಟುಕೊಂಡು ಆಡಿದಳು. ಆ ಗೆಳತಿಯೇ ಬೆರಿಲ್. ಮಂಡಿ ನೋವಿನವಳು, ಆಟದ ಗೋಜಿಗೇ ಹೋಗದವಳು, ಹೊಲದ ಬೇಲಿ ಪಕ್ಕ ಕೂತು ಎಲ್ಲರಿಗೂ ಕಿತ್ತಳೆ ಹಣ್ಣು ಹೆಚ್ಚುತ್ತಿದ್ದವಳು.

ಗೋಲು ಬಿದ್ದಾಗ ಹೊಲದಲ್ಲಿದ್ದ ಅರವತ್ತು ಜನ ‘ಬೆರಿಲ್! ಬೆರಿಲ್!’ ಅಂತ ಕೂಗಿದರು. ತಂಡದವರೂ ಬೇಕಂತಲೇ ಹಾಗೇ ಕೂಗಿದರು. ಕಿತ್ತಳೆ ಹೆಚ್ಚುತ್ತಿದ್ದ ಬೆರಿಲ್ ಗಾಬರಿಬಿದ್ದು ಎದ್ದು ನಿಂತಳಂತೆ.

ನಿಷೇಧ ಹೋದ ಮೇಲೆ ನೋರೀನ್ ತನ್ನ ಹೆಸರಿನಲ್ಲೇ ಹನ್ನೊಂದು ವರ್ಷ ಆಡಿದಳು. ಆದರೆ ಮುಂದೆ ಓಡಿದರೆ ಆವತ್ತಿನ ‘ಬೆರಿಲ್’ ಇವಳೇ ಅಂತ ಗೊತ್ತಾಗಿಬಿಡುತ್ತೆ ಅಂತ ತಂಡದವರು ನೋರೀನಳನ್ನು ಹಿಂದೆ ಗೋಲು ಕಾಯಲು ನಿಲ್ಲಿಸಿದರು. ಮತ್ತೆ ಒಂದೇ ಒಂದು ಗೋಲು ಅವಳ ಕಾಲಿಗೆ ಸಿಗಲಿಲ್ಲ. ಜೀವಮಾನದಲ್ಲಿ ಹೊಡೆದದ್ದು ಒಂದೇ ಗೋಲು, ಅದೂ ಇನ್ನೊಬ್ಬಳ ಹೆಸರಿಗೆ! ಅಪ್ಪ ಕೆಲಸದಲ್ಲಿರುವ ತನಕ ಬಾಯಿ ಬಿಡುವ ಹಾಗಿರಲಿಲ್ಲ. ಅಪ್ಪ ತೀರಿಕೊಳ್ಳುವ ಹೊತ್ತಿಗೆ ಬೆರಿಲ್ ಆ ಗೋಲಿನ ಕಥೆಯನ್ನು ಕ್ಲಬ್ಬಿನಲ್ಲಿ ಇಪ್ಪತ್ತು ವರ್ಷ ಹೇಳಿ ಆಗಿತ್ತು. ನಿಜ ಗೊತ್ತಿದ್ದ ಮಿಕ್ಕವರಲ್ಲಿ ಕೆಲವರು ಮಣ್ಣು ಸೇರಿದರು, ಕೆಲವರು ಕೆನಡಾ ಸೇರಿದರು.

ಈಗ ನೋರೀನ್‌ಗೆ ಅರವತ್ತೇಳು. ಕ್ಲಬ್ಬಿನ ಬಟ್ಟೆ ಒಗೆಯುವವಳು ಅವಳೇ. ಯಾವ ಅಂಗಿಯ ಯಾವ ಕಲೆಗೆ ಎಷ್ಟು ಹೊತ್ತು ನೆನೆಹಾಕಬೇಕು ಅನ್ನೋದು ಅವಳಿಗೆ ಬಾಯಿಪಾಠ. ಆ ಗುರುವಾರ ಇಸ್ತ್ರಿ ಮಾಡುತ್ತಿದ್ದಾಗ ಕಾರ್ಯದರ್ಶಿ ಹುಡುಗಿ ಟ್ಯಾಮ್ಸಿನ್ ಒಂದು ಹಾಳೆ ಹಿಡಿದು ಓಡಿಬಂದಳು.

“ನೋರೀನ್ ಆಂಟಿ, ಭಾನುವಾರ ಐವತ್ತನೇ ವರ್ಷದ ಆಟ ಅಲ್ವಾ, ಗೋಡೆಗೆ ಹಾಕೋ ಬೋರ್ಡು ಇದು. ಒಂದ್ಸಲ ನೋಡಿಬಿಡಿ. ಪೇಂಟರ್ ಶನಿವಾರ ಬರೀತಾನೆ.”

‘ಮೊದಲ ಗೋಲು: ಬೆರಿಲ್ ಆರ್ಮರಾಡ್.’ ನೋರೀನ್ ಅದನ್ನು ಎರಡು ಸಲ ಓದಿದಳು. ಬಾಯಿಮಾತು ಗಾಳಿಗೆ ಹೋಗುತ್ತೆ, ಬಣ್ಣದಲ್ಲಿ ಬರೆದದ್ದು ಹೋಗುತ್ತದೆಯೇ? ಕೈಲಿದ್ದ ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೇ ನಿಂತಿತ್ತು.

“ಆಟಕ್ಕೆ ಮುಂಚೆ ಬೆರಿಲ್ ಆಂಟಿ ಕೈಲಿ ಒಂದು ಪೆನಾಲ್ಟಿ ಹೊಡೆಸ್ತೀವಿ. ಇನ್ನೂ ಅವರಿಗೆ ಹೇಳಿಲ್ಲ. ಚೆನ್ನಾಗಿರುತ್ತೆ ಅಲ್ವಾ?”

“ಬಹಳ ಚೆನ್ನಾಗಿರುತ್ತೆ,” ಅಂದಳು ನೋರೀನ್. ಮೂರನೇ ನಂಬರಿನ ಅಂಗಿಯ ತೋಳು ಕಂದಿಹೋಯಿತು. ಇಷ್ಟು ವರ್ಷದಲ್ಲಿ ಅವಳು ಸುಟ್ಟ ಮೊದಲನೇ ಅಂಗಿ ಅದು.

ಮಾರನೇ ದಿನ ಬೆಳಗ್ಗೆಯೇ ಬೆರಿಲ್ ಒಂದು ಆಲೂಗಡ್ಡೆ ಪೈ ಹಿಡಿದುಕೊಂಡು, ಕುಂಟುತ್ತಾ ಬಂದಳು. ಮುಖ ಬಿಳಿಚಿಕೊಂಡಿತ್ತು.

“ನೋರೀನ್, ನನ್ನ ಮರ್ಯಾದೆ ಉಳಿಸೇ. ಚೆಂಡು ಒದಿಬೇಕಂತೆ ನಾನು!”

“ಒದಿ. ಮೂವತ್ತು ಗಜದಿಂದ ಹೊಡೆದವಳಿಗೆ ಇದೇನು ಮಹಾ?”

“ಅಯ್ಯೋ, ಅಣಕಿಸಬೇಡ್ವೇ. ಜನ್ಮದಲ್ಲಿ ಒಂದು ಸಲ ಚೆಂಡು ಮುಟ್ಟಿಲ್ಲ ನಾನು. ಕಲಿಸಿಕೊಡೇ.”

ಕಲಿಸಬೇಕಂತೆ! ನೋರೀನ್‌ಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಆದರೂ ಹಿತ್ತಲಿಗೆ ಕರೆದುಕೊಂಡು ಹೋದಳು. ಒಣಹಾಕಿದ್ದ ಅಂಗಿಗಳ ಸಾಲೇ ಗೋಲಾಯಿತು. ಬೆರಿಲ್ ಕೈಚೀಲ ಬಿಡದೆ, ಕಾಲಿನ ಹೆಬ್ಬೆರಳಲ್ಲಿ ಚೆಂಡನ್ನು ಒಂದು ಸಲ ಚುಚ್ಚಿದಳು. ಚೆಂಡು ಅಲ್ಲೇ ಇತ್ತು, ಬೂಟು ಹಾರಿತ್ತು.

“ಬೆರಳಲ್ಲಿ ಅಲ್ವೇ, ಪಾದದ ಒಳಮಗ್ಗುಲಲ್ಲಿ. ಆ ಚೀಲ ಕೆಳಗಿಡು ಮೊದಲು.”

“ಆವತ್ತು ನೀನು ಹೀಗೇ ಹೊಡೆದೆಯಾ?”

“ಆವತ್ತು ಅದು ಮೊಣಕಾಲಿಗೆ ತಗುಲಿ ಹೋಯ್ತು! ಐದು ಹೆಜ್ಜೆ ದೂರ ಅಷ್ಟೇ. ನೀನು ಅದನ್ನ ಮೂವತ್ತು ಗಜ ಮಾಡಿದೆ, ಎಡಗಾಲು ಮಾಡಿದೆ, ಹೋದ ಕ್ರಿಸ್‌ಮಸ್‌ನಲ್ಲಿ ಹಸು ತಲೆ ಮೇಲಿಂದ ಹಾರಿಸಿದೆ. ಯಾವ ಹಸುವೇ? ಹಸುಗಳನ್ನ ಹೊಡೆದೋಡಿಸಿದ್ದು ನಾನೇ ಅಲ್ವಾ ಆವತ್ತು?” ನೋರೀನ್ ತಂತಿಯ ಮೇಲಿದ್ದ ಅಂಗಿಯೊಂದನ್ನು ಎಳೆದು ಸರಿಮಾಡಿದಳು. “ಒಂದೇ ಒಂದು ಇತ್ತು ಕಣೇ ನಂದು. ಒಂದೇ. ಆವತ್ತು ಜನ ಕೂಗಿದ್ದು ಇನ್ನೂ ಕಿವೀಲಿದೆ, ನಿನ್ನ ಹೆಸರು. ನನ್ನ ಹೆಸರು ಒಬ್ಬರೂ ಕೂಗಲಿಲ್ಲ.”

ಬೆರಿಲ್ ತೊಯ್ದ ಹುಲ್ಲಿನ ಮೇಲೆ ಒಂದು ಬರಿಗಾಲಲ್ಲಿ ನಿಂತಿದ್ದಳು. “ಶುರುವಲ್ಲಿ ನಿಮ್ಮಪ್ಪನಿಗೋಸ್ಕರವೇ ಹೇಳಿದ್ದು,” ಅಂದಳು ಮೆಲ್ಲಗೆ. “ಆಮೇಲೆ... ಎಲ್ಲರೂ ಸುತ್ತ ಕೂತು ಕೇಳೋರು ಕಣೇ. ಕಿತ್ತಳೆ ಹೆಚ್ಚಿದವಳ ಕಥೆ ಯಾರು ಕೇಳ್ತಾರೆ ಹೇಳು.”

ನೋರೀನ್ ಹಾರಿದ್ದ ಬೂಟು ಎತ್ತಿ ತಂದು, ಬಗ್ಗಿ, ಅವಳ ಕಾಲಿಗೆ ಹಾಕಿ ದಾರ ಕಟ್ಟಿದಳು. “ಇನ್ನೊಂದ್ಸಲ ಒದಿ. ನಿಂಗೆ ಅವಮಾನ ಆದ್ರೆ ನನಗೆ ನೋಡೋಕಾಗಲ್ಲ,” ಅಂದಳು. ಪೈ ತಣ್ಣಗಾಗುವ ತನಕ ಇಬ್ಬರೂ ಒದೆಯುತ್ತಲೇ ಇದ್ದರು. ಬೆರಿಲ್‌ಗೆ ಮಾತ್ರ ಅದು ಬರಲೇ ಇಲ್ಲ.

ಭಾನುವಾರ ಮುನ್ನೂರು ಜನ ಸೇರಿದ್ದರು. ಬೋರ್ಡಿನ ಮೇಲೆ ಬಟ್ಟೆ ಮುಚ್ಚಿತ್ತು. ಟ್ಯಾಮ್ಸಿನ್ ಮೈಕಿನಲ್ಲಿ ಬೆರಿಲ್ ಹೆಸರು ಕರೆದಳು, ಚಪ್ಪಾಳೆಯೋ ಚಪ್ಪಾಳೆ. ಬೆರಿಲ್ ಕೋಲೂರಿಕೊಂಡು ಚೆಂಡಿನ ತನಕ ಹೋದಳು. ಗೋಲಿನ ಮುಂದೆ ಈಗಿನ ತಂಡದ ಗೋಲ್‌ಕೀಪರ್ ಹುಡುಗಿ ನಗುತ್ತಾ ಕಾಯುತ್ತಿದ್ದಳು. ಬಟ್ಟೆ ಬುಟ್ಟಿಯ ಪಕ್ಕ ನಿಂತಿದ್ದ ನೋರೀನ್ ‘ಒಳಮಗ್ಗುಲು, ಒಳಮಗ್ಗುಲು’ ಅಂತ ಮಂತ್ರದ ಹಾಗೆ ಹೇಳಿಕೊಳ್ಳುತ್ತಿದ್ದಳು.

ಬೆರಿಲ್ ಚೆಂಡು ನೋಡಿದಳು. ಬುಟ್ಟಿ ಕಡೆ ನೋಡಿದಳು. ಆಮೇಲೆ ವಾಪಸ್ ಬಂದು ಟ್ಯಾಮ್ಸಿನ್ ಕೈಯಿಂದ ಮೈಕು ಕಿತ್ತುಕೊಂಡಳು.

“ನಾನು ಸುಳ್ಳುಬುರುಕಿ,” ಅಂದಳು. ಜನ ನಕ್ಕರು, ಇದೂ ಅವಳ ಒಂದು ತಮಾಷೆ ಅಂತ. “ನಗಬೇಡ್ರೋ. ಆವತ್ತು ನಾನು ಕಿತ್ತಳೆ ಹೆಚ್ತಿದ್ದೆ. ಗೋಲು ಹೊಡೆದದ್ದು ನೋರೀನ್ ಟ್ಯಾಟರ್ಸಾಲ್. ಅವರಪ್ಪನ ಕೆಲಸ ಹೋಗಬಾರದು ಅಂತ ನನ್ನ ಹೆಸರಲ್ಲಿ ಆಡಿದಳು. ಮೊಣಕಾಲಿಗೆ ತಗುಲಿ ಹೋದ ಗೋಲು ಅದು. ಹಸು ಗಿಸು ಏನೂ ಇರಲಿಲ್ಲ. ಬೋರ್ಡಲ್ಲಿ ನನ್ನ ಹೆಸರು ಅಳಿಸಿ ಅವಳದ್ದು ಬರೀರಿ. ಬಾರೇ ಇಲ್ಲಿ, ನೀನೇ ಒದಿ.”

ತಂಡದ ಹುಡುಗಿಯರು ನೋರೀನಳನ್ನು ಚೆಂಡಿನ ತನಕ ತಳ್ಳಿಕೊಂಡು ಹೋದರು. ಸ್ಕರ್ಟು, ಏಪ್ರನ್ನು, ಜೇಬಲ್ಲಿ ಬಟ್ಟೆ ಕ್ಲಿಪ್ಪು. ಎರಡು ಹೆಜ್ಜೆ ಹಿಂದೆ ಸರಿದು, ಪಾದದ ಒಳಮಗ್ಗುಲಲ್ಲಿ ಒದ್ದಳು. ಗೋಲ್‌ಕೀಪರ್ ಹುಡುಗಿ ನಿಜವಾಗಿಯೇ ಹಾರಿದಳು. ಸಿಗಲಿಲ್ಲ.

ಅರೆಗಳಿಗೆ ಯಾರಿಗೂ ಏನು ಕೂಗಬೇಕು ಅಂತ ಹೊಳೆಯಲಿಲ್ಲ. ಆಗ ಮೈಕಿಲ್ಲದೆ, ಕೋಲು ಮೇಲೆತ್ತಿ, ಗಂಟಲು ಹರಿಯುವ ಹಾಗೆ ಬೆರಿಲ್ ಕೂಗಿದಳು: “ನೋರೀನ್!”

ಮುನ್ನೂರು ಜನ ಅದನ್ನೇ ಕೂಗಿದರು. ನೋರೀನ್ ಏಪ್ರನ್ ಎತ್ತಿ ಮುಖ ಮುಚ್ಚಿಕೊಂಡು, ಅದನ್ನು ಪೂರ್ತಿ ಕೇಳಿಸಿಕೊಂಡಳು.