ಏಳೆಂಟ್ಲ ಐವತ್ತನಾಲ್ಕು

"ರಾದ್ಕಾ ಅವರೇ, ನಿಮ್ಮ ಗಣಿತದ ಕ್ಲಾಸಲ್ಲಿ ಸೊಳ್ಳೆ ಹಾರಿದ್ರೂ ಕೇಳತ್ತೆ. ಶುಕ್ರವಾರ ನಾನೇ ಬಂದು ಕೂರ್ತೀನಿ. ಆಗ್ಲೂ ಮಕ್ಕಳು ಬಾಯಿ ಬಿಡ್ಲಿಲ್ಲ ಅಂದ್ರೆ ಐದನೇ ತರಗತಿನ ಬೇರೆಯವರಿಗೆ ಕೊಡ್ಬೇಕಾಗತ್ತೆ," ಎಂದರು ಹೆಡ್‌ಮಿಸ್ ಗಾನೆವಾ.

ಗಂಡ ತೀರಿಹೋದ ಮೇಲೆ ರಾದ್ಕಾ ಟೀಚರ್‌ಗೆ ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳಲು ಇದ್ದ ನೆಪವೇ ಆ ಐದನೇ ತರಗತಿ. ಅದೂ ಹೋದರೆ ಗತಿಯೇನು?

ಪಕ್ಕದ ಕೋಣೆಯಲ್ಲಿ ಇತಿಹಾಸ ಕಲಿಸುವ ಬಿಲ್ಯಾನಾ, ಮೊನ್ನೆ ಮೊನ್ನೆ ಸೇರಿದ ಹುಡುಗಿ, ಪಾಠದ ನಡುವೆ ಬೇಕೆಂದೇ ತಪ್ಪು ಹೇಳುತ್ತಿದ್ದಳು. "ರಾಜರು ಸೈಕಲ್ ಹತ್ತಿ ಯುದ್ಧಕ್ಕೆ ಹೊರಟರು" ಎಂದರೆ ಸಾಕು, ಮಕ್ಕಳು ಮೇಜು ಕುಟ್ಟಿ "ತಪ್ಪು! ತಪ್ಪು!" ಎಂದು ಕಿರುಚುವರು. ಅಯ್ಯೋ ಇಷ್ಟೇನಾ, ಗಣಿತಕ್ಕೂ ಇದನ್ನೇ ಹಚ್ಚಿದರಾಯಿತು ಎಂದುಕೊಂಡರು ರಾದ್ಕಾ. ಸೈಕಲ್ ಹತ್ತಿದ ರಾಜನನ್ನು ಕಂಡರೆ ನಗು ಬರುತ್ತದೆ. ಲೆಕ್ಕ ತಪ್ಪಿದ ವಯಸ್ಸಾದ ಟೀಚರನ್ನು ಕಂಡರೆ ಯಾರಿಗೆ ನಗು ಬಂದೀತು? ಅದು ಅವರಿಗೆ ಹೊಳೆಯಲಿಲ್ಲ, ಪಾಪ.

ಶುಕ್ರವಾರ ಗಾನೆವಾ ಹಿಂದಿನ ಬೆಂಚಿನಲ್ಲಿ ಕೂತರು. ರಾದ್ಕಾರ ಮಣಿಕಟ್ಟಿನ ತುಂಬ, ಮಾರ್ಚ್ ಒಂದರ ವಸಂತದ ಹಬ್ಬಕ್ಕೆ, ಆರೋಗ್ಯವಾಗಿರಲಿ ಎಂದು ಹಾರೈಸಿ ಮಕ್ಕಳು ಕಟ್ಟಿದ್ದ ಕೆಂಪು-ಬಿಳಿ ದಾರಗಳು. ಅದೇ ಕೈಯಿಂದ ಬೋರ್ಡಿನ ಮೇಲೆ ಬರೆದರು: ತೋಟದ ಉದ್ದ ಎಂಟು ಮೀಟರ್, ಅಗಲ ಏಳು, ವಿಸ್ತೀರ್ಣ ಐವತ್ತನಾಲ್ಕು ಚದರ ಮೀಟರ್.

"ಸರಿನಾ, ಮಕ್ಕಳೇ?"

ಮಕ್ಕಳು ಮುಖ ಮುಖ ನೋಡಿಕೊಂಡರು.

"ಸರಿ ಟೀಚರ್," ಎಂದ ಮುಂದಿನ ಬೆಂಚಿನ ಓಗ್ನ್ಯಾನ್, ತಲೆ ಎತ್ತದೆ. ಉಳಿದವರೂ "ಸರಿ, ಸರಿ" ಎಂದು ಐವತ್ತನಾಲ್ಕನ್ನೇ ಬರೆದುಕೊಂಡರು. ಟೀಚರ್‌ಗೆ ಮರೆವು ಬಂದಿದೆ, ಹೆಡ್‌ಮಿಸ್ ಎದುರು ಅವರ ಮಾನ ಹೋಗಬಾರದು ಎಂಬುದು ಮಕ್ಕಳ ಕಾಳಜಿ. ಆ ಕಣ್ಣುಗಳನ್ನು ನೋಡುತ್ತಲೇ ರಾದ್ಕಾಗೆ ಎಲ್ಲ ಅರ್ಥವಾಯಿತು. ಇವರ ಪ್ರೀತಿಯೇ ತನ್ನನ್ನು ಮನೆಗೆ ಕಳಿಸುತ್ತದಲ್ಲ!

ಗಾನೆವಾ ಪೆನ್ನಿನ ಮುಚ್ಚಳ ಹಾಕಿದರು. ಆಗ ಕಿಟಕಿ ಪಕ್ಕದ ದೆನಿತ್ಸಾ ಎದ್ದು ನಿಂತಳು.

"ಟೀಚರ್, ನಮ್ಮಜ್ಜಿಗೂ ಹಿಂಗೇ ಆಗತ್ತೆ, ಬೇಜಾರ್ ಮಾಡ್ಕೋಬೇಡಿ. ಏಳೆಂಟ್ಲ ಐವತ್ತಾರು. ನೀವೇ ಕಲ್ಸಿದ್ದು." ಅವಳು ಹಿಂದಕ್ಕೆ ತಿರುಗಿದಳು. "ಮೇಡಂ, ಇವ್ರು ಮರೆತ್ರೆ ನಾವು ಹೇಳ್ತೀವಿ. ಇವ್ರನ್ನ ಕಳಿಸ್ಬೇಡಿ!"

ಅಷ್ಟೇ, ಕಟ್ಟೆ ಒಡೆಯಿತು. "ಎಂಟನ್ನ ಏಳು ಸಲ ಕೂಡ್ಸಿ ಟೀಚರ್!" "ಲೋ, ಚೌಕ ಬರ್ದು ಎಣಿಸಿ ತೋರ್ಸೋ!" ಓಗ್ನ್ಯಾನ್ ಸೀಮೆಸುಣ್ಣ ಕಿತ್ತುಕೊಂಡು ಬೋರ್ಡಿನ ತುಂಬ ಗೆರೆ ಎಳೆದ. ಗದ್ದಲ ಕೇಳಿ ಬಿಲ್ಯಾನಾ ಬಾಗಿಲಲ್ಲಿ ಇಣುಕಿದಳು.

"ಕ್ಲಾಸು ನಿಮ್ದೇ ರಾದ್ಕಾ ಅವರೇ," ಎಂದರು ಗಾನೆವಾ ಹೊರಡುತ್ತ. "ಸ್ವಲ್ಪ ಸದ್ದು ಕಮ್ಮಿ ಮಾಡ್ಸಿ."

ರಾದ್ಕಾ ಕಣ್ಣೊರೆಸಿಕೊಂಡರು. "ಬೇಕಂತಲೇ ತಪ್ಪು ಬರ್ದೆ ಕಣ್ರೋ, ಆಟಕ್ಕೆ!"

ದೆನಿತ್ಸಾ ಹತ್ತಿರ ಬಂದು, ಅಜ್ಜಿಯನ್ನು ಸಮಾಧಾನ ಮಾಡುವವಳಂತೆ, ದಾರ ಕಟ್ಟಿದ ಆ ಕೈಯನ್ನು ಮೆಲ್ಲಗೆ ಸವರಿದಳು.

"ಹೌದು ಟೀಚರ್. ಬೇಕಂತಲೇ ಬರೆದ್ರಿ. ನಮ್ಗೆ ಗೊತ್ತು."

ರಾದ್ಕಾ ವಾದ ಬಿಟ್ಟು, ಐವತ್ತನಾಲ್ಕನ್ನು ಅಳಿಸಿ ಐವತ್ತಾರು ಎಂದು ಬರೆದರು.