ಸೋದರತ್ತೆಯ ಬೆರಳುಗಳು

ಫಿನೆಯಾಸಿ ಮಗಳ ತೋಳಿನ ಮೇಲೆ ಆ ಗುರುತನ್ನು ಮೊದಲು ಕಂಡದ್ದು ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ. ತೋಕಿಲುಪೆ ಗೋಡೆಗೊರಗಿ ಚಾಪೆಯ ಮೇಲೆ ಕುಳಿತು ಹಸುಗೂಸಿಗೆ ಹಾಲು ಕುಡಿಸುತ್ತಿದ್ದಳು. ತೋಳಿನ ಹೊರಬದಿಯಲ್ಲಿ ಒಂದರ ಕೆಳಗೊಂದರಂತೆ ನಾಲ್ಕು ಕಪ್ಪು ಕಲೆಗಳು. ಒಳಬದಿಯಲ್ಲಿ ಒಂದೇ ಒಂದು, ಸ್ವಲ್ಪ ಅಗಲವಾದದ್ದು. ಯಾರೋ ಹಿಂದಿನಿಂದ ಬಂದು ತೋಳು ಹಿಡಿದು, ಇತ್ತ ತಿರುಗಿಸಿ, ಮುಖ ನೋಡಿಕೊಂಡು ಹೋದಂತಿತ್ತು.

“ಏನಮ್ಮಾ ಅದು? ಎಲ್ಲಿ ತಗುಲಿಸ್ಕೊಂಡೆ?”

“ಎಲ್ಲೂ ಇಲ್ಲಪ್ಪ. ಎದ್ದಾಗ ಇತ್ತು.”

“ಮಗು ಒದ್ದಿರುತ್ತೆ ಬಿಡಿ,” ಎಂದಳು ಹೆಂಡತಿ ಕಾಲೋ.

“ಹುಟ್ಟಿ ತಿಂಗಳಾಗಿಲ್ಲ, ಒದೆಯೋಕೆ ಅದೇನು ಕುದುರೆ ಮರೀನಾ ಅಮ್ಮಾ?” ತೋಕಿಲುಪೆ ನಕ್ಕಳು. ನಕ್ಕಾಗ ಹಲ್ಲುಗಳ ಬುಡದಲ್ಲಿ ತೆಳ್ಳಗೆ ರಕ್ತ ಕಾಣಿಸಿತು.

ಫಿನೆಯಾಸಿ ಬೈಬಲನ್ನು ತೆರೆದನು, ಓದಲಾಗಲಿಲ್ಲ. ಅದು ಯಾರ ಕೈ ಎಂದು ಅವನ ಮನಸ್ಸು ಆಗಲೇ ಹೇಳಿಬಿಟ್ಟಿತ್ತು.

ಅವನ ಅಕ್ಕ ಉಂಗತೇಯಾ ತೀರಿಕೊಂಡದ್ದು ಮಗಳು ತುಂಬು ಬಸುರಿಯಾಗಿದ್ದಾಗ. ಟೋಂಗಾದ ಮನೆಗಳಲ್ಲಿ ಸೋದರತ್ತೆಗಿಂತ ದೊಡ್ಡವರಿಲ್ಲ. ಅವಳು ಮನಸ್ಸು ನೋಯಿಸಿಕೊಂಡರೆ ತಮ್ಮನ ಮಗಳ ಬಸಿರು ಬಾಣಂತನಕ್ಕೆ ಕೇಡು ತಪ್ಪಿದ್ದಲ್ಲ ಎಂದು ಎಲ್ಲರೂ ನಂಬುತ್ತಾರೆ. ಅವಳು ಸತ್ತಾಗ ತಮ್ಮನ ಮಕ್ಕಳು ಹರಕು ಚಾಪೆ ಸುತ್ತಿಕೊಂಡು ಹಿತ್ತಲ ಒಲೆಯ ಹೊಗೆಯಲ್ಲಿ ಕೂರಬೇಕು, ತಲೆಗೂದಲು ಕೊಡಬೇಕು. “ಹೊಟ್ಟೆ ಹೊತ್ತವಳು, ಮನೇಲೇ ಇರಲಿ” ಎಂದು ಮಗಳನ್ನು ತಡೆದವನು ಫಿನೆಯಾಸಿಯೇ. ಅವಳ ಕೂದಲು ಈಗಲೂ ಸೊಂಟದವರೆಗೆ ಇಳಿದಿತ್ತು.

ಅಕ್ಕ ತಮ್ಮಂದಿರು ದೊಡ್ಡವರಾದ ಮೇಲೆ ಒಂದು ಕೋಣೆಯಲ್ಲಿ ಕೂರುವ ಪದ್ಧತಿ ಅಲ್ಲಿಲ್ಲ. ಅವನು ಜೀವಮಾನವಿಡೀ ಅಕ್ಕನ ದನಿಯನ್ನು ಗೋಡೆಯಾಚೆಯಿಂದ ಕೇಳಿದವನು. ಹೆಣ ಇಟ್ಟಿದ್ದ ಮನೆಯೊಳಕ್ಕೂ ಹೋಗುವಂತಿರಲಿಲ್ಲ. ಒಳಗಿನ ಸ್ತುತಿಗೀತೆಯನ್ನು ಕೇಳುತ್ತ ಹೊರಗೆ ಹಂದಿ ಸುಡುವ ಬೆಂಕಿಗೆ ಸೌದೆ ಒಟ್ಟಿದ್ದನು. ಆದುದರಿಂದ ಆ ಗುರುತು ಕಂಡಾಗ ಭಯದ ಜೊತೆಗೇ ಇನ್ನೊಂದು ಭಾವವೂ ಅವನಲ್ಲಿ ಎದ್ದಿತು. ಅದನ್ನು ಅವನು ದೇವರೆದುರಿಗೂ ಹೇಳಿಕೊಳ್ಳಲಿಲ್ಲ. ಅಕ್ಕ ಮನೆಗೆ ಬಂದಿದ್ದಾಳೆ, ಕೊನೆಗೂ ಒಳಕೋಣೆಗೆ ಬಂದಿದ್ದಾಳೆ ಎಂಬ ಸಂತೋಷ ಅದು.

ಗುರುತುಗಳು ಹೆಚ್ಚಿದವು. ತೊಡೆಯ ಮೇಲೆ ಅಂಗೈಯಗಲದ್ದೊಂದು, ಬೆನ್ನಿನಲ್ಲಿ ಎರಡು, ಮೊಣಕಾಲ ಕೆಳಗೆ ಸಾಸಿವೆ ಚೆಲ್ಲಿದಂತೆ ಸಣ್ಣ ಕೆಂಪು ಚುಕ್ಕೆಗಳು. ಕಾಲೋ ಪ್ರತಿ ಮಧ್ಯಾಹ್ನ ಕೊಬ್ಬರಿ ಎಣ್ಣೆ ಹಚ್ಚಿ ಮಗಳ ಮೈ ನೀವುತ್ತಿದ್ದಳು. ಮರುದಿನ ನೀವಿದ ಕಡೆಯೆಲ್ಲ ಬೆರಳುಗಳು ಮೂಡಿರುತ್ತಿದ್ದವು. ಗಾಳಿ ಇಲ್ಲದ ಹೊತ್ತಿನಲ್ಲಿ ಬಾಗಿಲ ಪರದೆ ಒಳಕ್ಕೆ ಉಬ್ಬುತ್ತಿತ್ತು. ಅಳುತ್ತಿದ್ದ ಮಗು ತಟ್ಟನೆ ಸುಮ್ಮನಾಗಿ ತಾಯಿಯ ಹೆಗಲಾಚೆ ಏನನ್ನೋ ನೋಡುತ್ತಿತ್ತು. ಜಗಲಿಯಲ್ಲಿ ಕುಳಿತ ಫಿನೆಯಾಸಿ ಉಸಿರು ಹಿಡಿದು ಆಲಿಸುತ್ತಿದ್ದನು. ಒಂದು ಸಲ ಗೋಡೆಯಾಚೆ ಅಕ್ಕನ ಕೆಮ್ಮು ಕೇಳಿದಂತಾಯಿತು.

ಕಾಲೋ ಹೆದರಿ ಪಿಸಿಲಾಳನ್ನು ಕರೆಸಿದಳು. ಪಿಸಿಲಾ ಉಂಗತೇಯಾಳ ಮಗಳು. ತಾಯಿ ಹೋದ ಮೇಲೆ ಸೋದರಮಾವನ ಮನೆಯಲ್ಲಿ ತಾಯಿಯ ಅಧಿಕಾರವೆಲ್ಲ ಅವಳದೇ. ಬಂದವಳು ಚಾಪೆಯ ನಡುವೆ ಕುಳಿತು, ಬೇಯಿಸಿದ ಗೆಣಸನ್ನು ತಾನೇ ಎಳೆದುಕೊಂಡು ತಿನ್ನತೊಡಗಿದಳು.

“ಏನ್ ಮಾವ, ಭಾನುವಾರ ಭಾನುವಾರ ಊರಿಗೆಲ್ಲ ಉಪದೇಶ ಮಾಡ್ತೀರಿ. ಅಮ್ಮನಿಗೆ ನಾಲ್ಕು ಎಳೆ ಕೂದಲು ಕೊಡೋಕೆ ಕೈ ಬರ್ಲಿಲ್ವಾ?”

“ಬಸುರಿ ಹೆಂಗಸು ಅಂತ…”

“ಬಸುರಾಗಿದ್ದು ಹೊಟ್ಟೆ. ಕೂದಲಿಗೇನಾಗಿತ್ತು ಧಾಡಿ?” ಅವಳು ತೋಕಿಲುಪೆಯ ತೋಳನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಅವಳ ನಗು ಅಡಗಿತು. “ಅಮ್ಮಂದೇ. ಹೆಬ್ಬೆರಳು ನೋಡಿ, ಹೆಂಗೆ ಒತ್ತಿದ್ದಾಳೆ. ನನ್ನನ್ನೂ ಚಿಕ್ಕಂದಿನಲ್ಲಿ ಹೀಗೇ ಹಿಡ್ಕೋತಿದ್ದಳು.”

“ನರ್ಸಮ್ಮನ್ನ ಒಂದು ಮಾತು ಕೇಳೋಣ್ವಾ?” ಎಂದಳು ಕಾಲೋ.

“ಅತ್ತೆ, ಸುಮ್ನಿರಿ. ಸತ್ತವರ ಕೈ ಬಿದ್ದ ಮೈಗೆ ಸೂಜಿ ಚುಚ್ಚಿದ್ರೆ ಆ ಕ್ಷಣಕ್ಕೇ ಪ್ರಾಣ ಹೋಗುತ್ತೆ. ನಿಮಗೆ ಗೊತ್ತಿಲ್ಲದ್ದಾ? ಶನಿವಾರ ಸಮಾಧಿ ಹತ್ರ ಕರ್ಕೊಂಡು ಬನ್ನಿ. ನಾನೇ ಕೂದಲು ಕತ್ತರಿಸ್ತೀನಿ.”

ಆ ಸೂಜಿಯ ಮಾತು ದ್ವೀಪದಲ್ಲಿ ಎಲ್ಲರಿಗೂ ಗೊತ್ತಿದ್ದುದೇ. ಆದುದರಿಂದ ನರ್ಸ್ ಆಕಾನೆಸಿ ಮಗುವನ್ನು ತೂಗಿ ನೋಡಲು ಬಂದ ದಿನ, ಬೇಸಗೆಯ ಸೆಕೆಯಲ್ಲೂ ಕಾಲೋ ಮಗಳಿಗೆ ಉದ್ದ ತೋಳಿನ ಅಂಗಿ ತೊಡಿಸಿ, ಕಾಲ ಮೇಲೆ ಹೊದಿಕೆ ಎಳೆದಿದ್ದಳು.

“ಮುಖ ಯಾಕೆ ಹಿಂಗೆ ಬಿಳಿಚಿಕೊಂಡಿದೆ? ರಕ್ತ ಹೆಚ್ಚು ಹೋಗ್ತಿದೆಯಾ? ಏಟಿಲ್ಲದೆ ಮೈಮೇಲೆ ಕಲೆ ಗಿಲೆ ಏನಾದ್ರೂ?” ಎಂದು ಆಕಾನೆಸಿ ಕೇಳಿದಳು.

ತೋಕಿಲುಪೆ ತಂದೆಯ ಮುಖ ನೋಡಿದಳು. ಆಕಾನೆಸಿಯೂ ಅತ್ತ ತಿರುಗಿದಳು. “ಎಲ್ಲ ಸರಿ ಇದೆಯಾ, ಬೋಧಕರೇ?”

“ದೇವರ ದಯೆಯಿಂದ ಸರಿ ಇದೆ,” ಎಂದನು ಫಿನೆಯಾಸಿ.

ದೇವರ ಹೆಸರು ಹಿಡಿದು ಅವನು ಆಡಿದ ಮೊದಲ ಸುಳ್ಳು ಅದು. ಸೂಜಿಯ ಭಯಕ್ಕೆ ಹೇಳಿದೆನೆಂದು ತನಗೆ ತಾನೇ ಅಂದುಕೊಂಡನು. ಸೂಜಿ ಬಂದರೆ ಅಕ್ಕ ಹೊರಟುಹೋಗುವಳೆಂಬ ಭಯವೂ ಅದರಲ್ಲಿತ್ತು.

ಶನಿವಾರ ಇಳಿಹೊತ್ತಿಗೆ ನಾಲ್ವರೂ ಸ್ಮಶಾನಕ್ಕೆ ಹೋದರು. ಕೂಸನ್ನು ಕಾಲೋ ಎತ್ತಿಕೊಂಡಿದ್ದಳು. ಉಂಗತೇಯಾಳ ಸಮಾಧಿಯ ಮೇಲೆ ಬಿಳಿ ಮರಳಿನ ದಿಬ್ಬ. ಅದರ ಸುತ್ತ ಕಪ್ಪು ಹರಳುಗಳು. ತಲೆಯ ಕಡೆ, ಅಲ್ಲಿನ ವಾಡಿಕೆಯಂತೆ, ಎರಡು ಕಂಬಗಳಿಗೆ ಕಟ್ಟಿದ ಹೂಚಿತ್ತಾರದ ಕೌದಿ. ಸಮುದ್ರ ಸದ್ದಿಲ್ಲದೆ ಬಿದ್ದಿತ್ತು. ತೋಕಿಲುಪೆ ನಿಲ್ಲಲಾಗದೆ ದಿಬ್ಬದ ಅಂಚಿನಲ್ಲಿ ಕುಸಿದು ಕುಳಿತಳು. ಫಿನೆಯಾಸಿ ದೂರದಲ್ಲಿ ನಿಂತನು. ಅಕ್ಕನ ಸಮಾಧಿಯನ್ನು ತಮ್ಮ ಮೆಟ್ಟಬಾರದು.

“ಅಲ್ಲಾಡಬೇಡ ಕಣೇ. ನಾನೇನು ಕ್ಷೌರದವಳಲ್ಲ,” ಎನ್ನುತ್ತ ಪಿಸಿಲಾ ಜಡೆಯನ್ನು ಕತ್ತರಿಸಿ ಮರಳಿನ ಮೇಲಿಟ್ಟಳು. ಕಿವಿಯ ಹಿಂದಿನ ಕೂದಲಿಗೆ ಬಂದಾಗ ಕತ್ತರಿಯ ತುದಿ ಕಿವಿಗೆ ತಾಗಿತು. ಒಂದು ಹನಿ ಮೂಡಿತು.

“ಅಯ್ಯೋ, ಅಕ್ಕಿಕಾಳಿನಷ್ಟೂ ಇಲ್ಲ ಗಾಯ. ಒತ್ತಿ ಹಿಡ್ಕೋ.”

ತೋಕಿಲುಪೆ ಒತ್ತಿ ಹಿಡಿದಳು. ರಕ್ತ ಬೆರಳ ಸಂದಿನಿಂದ ಇಳಿಯಿತು. ಪಿಸಿಲಾ ತನ್ನ ಉಡುಗೆಯ ಅಂಚಿನಿಂದ ಒತ್ತಿದಳು, ಬಟ್ಟೆ ನೆನೆಯಿತು. ಮಡಚಿ ಮತ್ತೆ ಒತ್ತಿದಳು, ಅದೂ ನೆನೆಯಿತು. ರಕ್ತ ಕತ್ತಿನಿಂದ ಹೆಗಲಿಗೆ, ಹೆಗಲಿನಿಂದ ಬಿಳಿ ಮರಳಿಗೆ ಒಂದೇ ಸಮನೆ ತೊಟ್ಟಿಕ್ಕುತ್ತಿತ್ತು. ಬಿದ್ದುದನ್ನೆಲ್ಲ ಮರಳು ಕುಡಿಯುತ್ತಿತ್ತು.

“ಅಮ್ಮಾ, ಸಾಕು,” ಎಂದಳು ಪಿಸಿಲಾ ಮೆಲ್ಲಗೆ. ಆಮೇಲೆ ಕೂಗಿದಳು: “ಸಾಕು ಬಿಡಮ್ಮಾ! ಕೂದಲು ಕೊಟ್ಟಾಯ್ತಲ್ಲ, ಇನ್ನೇನು ಬೇಕು ನಿಂಗೆ?”

ಕೌದಿ ಅಲುಗಲಿಲ್ಲ. ತೋಕಿಲುಪೆ ಕಣ್ಣೆತ್ತಿ, “ಅಪ್ಪ, ಕತ್ತಲೆ ಬರ್ತಿದೆ,” ಎಂದಳು. ಬಿಸಿಲು ಇನ್ನೂ ತೆಂಗಿನ ತಲೆಗಳ ಮೇಲಿತ್ತು.

ಫಿನೆಯಾಸಿ ಮರಳಿನ ದಿಬ್ಬದ ಮೇಲೆ ಕಾಲಿಟ್ಟನು. ಹರಳುಗಳು ಅವನ ಪಾದದಡಿ ಜರುಗಿದವು.

“ಮಾವ! ಮೆಟ್ಟಬೇಡಿ!”

“ಅಕ್ಕಾ,” ಎಂದನು ಅವನು. ಗೋಡೆಯ ಮರೆಯಿಲ್ಲದೆ ಅವಳೊಂದಿಗೆ ಅವನು ಮಾತಾಡಿದ್ದು ಹುಡುಗತನದ ನಂತರ ಅದೇ ಮೊದಲು. “ನೀನು ಕೇಳಿದ್ದೆಲ್ಲ ಕೊಡ್ತಿದ್ದೆ. ಇವಳನ್ನ ಮಾತ್ರ ಕೊಡಲ್ಲ.” ಮಗಳನ್ನು ಬಾಚಿ ಎತ್ತಿಕೊಂಡು ಅವನು ಆರೋಗ್ಯ ಕೇಂದ್ರದ ಕಡೆಗೆ ನಡೆದನು, ಕಾಲೋ ಪಿಸಿಲಾ ಇಬ್ಬರೂ ಹಿಂದೆ ಓಡಿದರು. ಸೂಜಿಯಿಂದ ಅವಳು ಸಾಯುವುದಾದರೆ ತನ್ನ ಕೈಯಲ್ಲೇ ಸಾಯಲಿ ಎಂದು ದಾರಿಯುದ್ದಕ್ಕೂ ಪ್ರಾರ್ಥಿಸಿದನು.

ಆಕಾನೆಸಿ ಕಿವಿಗೆ ಬಿಗಿಯಾಗಿ ಪಟ್ಟಿ ಒತ್ತಿ ಅದನ್ನು ಹಿಡಿಯಲು ಪಿಸಿಲಾಳಿಗೆ ಹೇಳಿದಳು. ಅಂಗಿಯ ತೋಳು ಮೇಲೆತ್ತಿ ಕಲೆಗಳನ್ನು ಒಂದೊಂದಾಗಿ ನೋಡಿದಳು. ರಕ್ತದೊತ್ತಡ ನೋಡುವ ಪಟ್ಟಿ ಸುತ್ತಿ ಬಿಚ್ಚಿದಾಗ, ಸುತ್ತಿದ್ದಷ್ಟು ಅಗಲ ಚರ್ಮದ ತುಂಬ ಹೊಸ ಕೆಂಪು ಚುಕ್ಕೆಗಳು ಎದ್ದಿದ್ದವು.

“ಇವಳನ್ನ ಚಾಪೆಯಿಂದ ತೋಳು ಹಿಡಿದು ಎಬ್ಬಿಸೋರು ಯಾರು?”

“ನಾನೇ,” ಎಂದಳು ಕಾಲೋ.

“ಇಲ್ಲಿ ಕೈ ಇಡಿ.”

ಕಾಲೋ ಕೈಯಿಟ್ಟಳು. ನಾಲ್ಕು ಬೆರಳು ನಾಲ್ಕು ಕಲೆಗಳ ಮೇಲೆ ಕುಳಿತವು. ಹೆಬ್ಬೆರಳು ಒಳಬದಿಯದರ ಮೇಲೆ. ಅವಳು ಬೆಂಕಿ ಮುಟ್ಟಿದವಳಂತೆ ಕೈ ಕಿತ್ತುಕೊಂಡು ಅಳತೊಡಗಿದಳು.

“ನಿಮ್ಮ ತಪ್ಪಲ್ಲಮ್ಮಾ. ಇವಳ ರಕ್ತ ಹೆಪ್ಪುಗಟ್ತಿಲ್ಲ. ಯಾರು ಮುಟ್ಟಿದ್ರೂ ಗುರುತು ಬೀಳುತ್ತೆ. ಹೆತ್ತವಳಿಗೆ ಏಟಿಲ್ಲದೆ ಕಲೆ ಎದ್ರೆ, ವಸಡಲ್ಲಿ ರಕ್ತ ಬಂದ್ರೆ, ತಲೆ ಸುತ್ತಿದ್ರೆ, ಅವತ್ತೇ ಓಡಿ ಬರಬೇಕಿತ್ತು. ನಾನು ಮನೆ ಬಾಗಿಲಿಗೆ ಬಂದು ಕೇಳಿದ್ನಲ್ಲ, ಬೋಧಕರೇ?”

ಗೋಡೆಯಾಚೆ ಕೆಮ್ಮಿದವರಾರೂ ಇರಲಿಲ್ಲ. ಒಳಕೋಣೆಗೆ ಯಾರೂ ಬಂದಿರಲಿಲ್ಲ. ಅಕ್ಕ ಮಣ್ಣಿನಲ್ಲಿದ್ದಳು, ಅವಳು ಸತ್ತ ದಿನ ಬಾರದಿದ್ದ ಅಳು ಫಿನೆಯಾಸಿಗೆ ಆಗ ಬಂತು.

ಆಕಾನೆಸಿ ಫೋನಿನಲ್ಲಿ ಮಾತಾಡಿ ದೋಣಿ ಹೊರಡಿಸಿದಳು. ಹೊರಡುವ ಮೊದಲು ಸೂಜಿ ತೆಗೆದಾಗ ಪಿಸಿಲಾ ಮುಖ ಮುಚ್ಚಿಕೊಂಡಳು. ಸೂಜಿ ತೋಕಿಲುಪೆಯ ಕೈಯೊಳಗೆ ಇಳಿಯಿತು. ಅವಳು ಒಮ್ಮೆ ಮುಖ ಕಿವುಚಿದಳು, ಅಷ್ಟೇ. ಪಿಸಿಲಾ ಬೆರಳ ಸಂದಿಯಿಂದ ನೋಡಿ, “ಉಸಿರಾಡ್ತಿದೀಯೇನೇ?” ಎಂದಳು. “ಇನ್ನೇನ್ ಮಾಡ್ಲಿ, ಕೂದಲಂತೂ ಹೋಯ್ತು,” ಎಂದಳು ತೋಕಿಲುಪೆ ಸಣ್ಣ ದನಿಯಲ್ಲಿ.

ದೊಡ್ಡ ದ್ವೀಪದ ಆಸ್ಪತ್ರೆಯಲ್ಲಿ ಅವಳಿಗೆ ಪರರ ರಕ್ತ ಕೊಟ್ಟರು, ಔಷಧಿ ಕೊಟ್ಟರು. ಹೆರಿಗೆಯಾದ ಮೇಲೆ ಅಪರೂಪಕ್ಕೆ ಕೆಲವರ ಮೈ ತನ್ನ ರಕ್ತವನ್ನೇ ಹಗೆಯೆಂದು ತಿಳಿದು, ಅದನ್ನು ಹೆಪ್ಪುಗಟ್ಟಿಸುವ ಕಣಗಳನ್ನು ಕೊಲ್ಲುತ್ತದೆ ಎಂದು ಡಾಕ್ಟರು ತಿಳಿಸಿದರು. ಹೊರಗಿನಿಂದ ಬಂದ ಪಿಶಾಚಿಗಿಂತ ಅದು ಫಿನೆಯಾಸಿಗೆ ಹೆಚ್ಚು ಭಯಂಕರವಾಗಿ ತೋರಿತು. ಕಿವಿಯ ರಕ್ತ ನಿಂತಿತು. ಹಳೆಯ ಕಲೆಗಳು ಹಸುರಾಗಿ, ಹಳದಿಯಾಗಿ ಮಾಸತೊಡಗಿದವು. ಬದುಕುತ್ತಾಳೆ, ಆದರೆ ಬಹಳ ದಿನ ಎಚ್ಚರವಾಗಿರಬೇಕು ಎಂದರು.

ಭಾನುವಾರ ಕಳೆದು ಎರಡು ದಿನಕ್ಕೆ, ನಡುಹಗಲಿನಲ್ಲಿ, ಮಗಳು ಮಲಗಿದ್ದಾಗ ಹೊದಿಕೆ ಸರಿಪಡಿಸುತ್ತಿದ್ದ ಫಿನೆಯಾಸಿ ಅವಳ ಪಾದದ ಮೇಲ್ಗಡೆ ಹೊಸದೊಂದು ಗುರುತು ಕಂಡನು. ಬೆಳಗ್ಗೆ ಅದು ಇರಲಿಲ್ಲ. ಕಾಲೋ ಕೂಸಿನೊಂದಿಗೆ ಹೊರಗಿದ್ದಳು. ಆ ಕಾಲನ್ನು ಯಾರೂ ಮುಟ್ಟಿರಲಿಲ್ಲ. ಕಲೆಗಳು ಒಂದರ ಪಕ್ಕದಲ್ಲೊಂದು, ಅಕ್ಕರೆಯಿಂದ ಮೆಲ್ಲಗೆ ಹಿಡಿದ ಹಾಗೆ, ನಾಲ್ಕಿದ್ದವು.

ಅವನು ಆ ಗುರುತಿನ ಮೇಲೆ ತನ್ನ ಬೆರಳುಗಳನ್ನು ಇಡಬೇಕೆಂದುಕೊಂಡನು, ಇಡಲಿಲ್ಲ. ಮಂಚದ ಬುಡದಲ್ಲಿ ಯಾರೋ ಕಾದು ನಿಂತಂತೆ ಆ ಜಾಗ ತಣ್ಣಗಿತ್ತು. ಅವನು ಅತ್ತ ನೋಡಲೂ ಇಲ್ಲ. ಹೊದಿಕೆಯನ್ನು ಪೂರ್ತಿ ಸರಿಸಿ ಆ ಕಾಲನ್ನು ಬೆಳಕಿಗೆ ಬಿಟ್ಟು, ಬಾಗಿಲಿಗೆ ಹೋಗಿ, “ಡಾಕ್ಟರೇ, ಬೇಗ ಬನ್ನಿ, ಇಲ್ನೋಡಿ, ಹೊಸದು ಎದ್ದಿದೆ,” ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದನು.