ಎರವಲು ತೋಳು

"ನೀರು ಕುಡೀರಿ ಅಂದ್ರೆ ಕಿವುಡು, ಸಾರಾಯಿ ಅಂದ್ರೆ ಸಾಲು! ಕಿಡ್ನಿ ಕೆಡದೆ ಇನ್ನೇನು ಹೂ ಬಿಡ್ತದಾ?"

ಸಕ್ಕರೆ ಕಾರ್ಖಾನೆಯ ಡಾಕ್ಟರ್ ಸಾವೆದ್ರಾ ಮೈಕಿನಲ್ಲಿ ಬೈಯುತ್ತಿದ್ದ. ಕಬ್ಬು ಕಡಿಯುವವರು ಅಂಗಳದ ಬಿಸಿಲಲ್ಲಿ ಕೂತು ಕೇಳುತ್ತಿದ್ದರು. ಶಾಮಿಯಾನ ಇದ್ದದ್ದು ವೇದಿಕೆಗೆ ಮಾತ್ರ. ಬಿಸಿಲೂ ಈ ರೋಗಕ್ಕೆ ಕಾರಣವಿರಬಹುದೆಂದು ಪತ್ತೆ ಹಚ್ಚಿದ ಮಹನೀಯರು ಅದರ ನೆರಳಲ್ಲಿ ತಣ್ಣಗೆ ಕೂತಿದ್ದರು.

ಅವರ ನಡುವೆ ಕೂತಿದ್ದ ಒಲೆಗಾರಿಯೊ ಬೂಟಿನ ದಾರ ಸಡಿಲಿಸಿದ. ಪಾದ ಊದಿತ್ತು. ಮದುವೆಯಾದಾಗಿನಿಂದ ಅವನು ಸಾರಾಯಿ ಮೂಸಿದವನಲ್ಲ. ಅಪ್ಪನನ್ನೂ ಅಣ್ಣನನ್ನೂ ನುಂಗಿದ್ದ ರೋಗ ಈಗ ಅವನೊಳಗೆ ಕೂತಿತ್ತು. ಅಗ್ನಿಪರ್ವತದ ಬುಡದ ಈ ಬಯಲಲ್ಲಿ ಅದನ್ನು ಯಾರೂ ಕಿಡ್ನಿ ರೋಗ ಎನ್ನುವುದಿಲ್ಲ. ದೆವ್ವ ಬಂತು ಅನ್ನುವ ಹಾಗೆ, "ಅವನಿಗೆ ಕ್ರಿಯಾಟಿನಿನ್ ಬಂತು" ಎನ್ನುತ್ತಾರೆ. ಕಿಡ್ನಿ ಸೋತಾಗ ರಕ್ತದಲ್ಲಿ ಉಳಿಯುವ ಕಸ ಅದು. ಪರೀಕ್ಷೆಯಲ್ಲಿ ಅದು ಏರಿದ್ದು ಕಂಡರೆ ಕಾರ್ಖಾನೆ ಮಚ್ಚು ಕಿತ್ತುಕೊಂಡು ಮನೆಗೆ ಅಟ್ಟುತ್ತದೆ. ಮನೆಯಲ್ಲಿ ಒಲೆಯ ಮೇಲೆ ಬೀನ್ಸು ಬೇಯಬೇಕಲ್ಲ!

ಅದಕ್ಕೇ ಊರಿನವರು ಒಂದು ದಾರಿ ಕಂಡುಕೊಂಡಿದ್ದರು. ರಕ್ತ ತೆಗೆಯುವಾಗ ರೋಗಿಯ ಗುರುತಿನ ಚೀಟಿ ಹಿಡಿದು ತೆಯೋದುಲೊ ಹೋಗುತ್ತಿದ್ದ. ಅವನು ಮೀನು ಹಿಡಿಯುವವನು, ಜನ್ಮದಲ್ಲಿ ಕಬ್ಬು ಕಡಿದವನಲ್ಲ, ಕಲ್ಲುಗುಂಡಿನಂತಿದ್ದ. ಕಾರ್ಖಾನೆಯವರ ಕಣ್ಣಿಗೆ ಕೂಲಿಗಳೆಲ್ಲ ಒಂದೇ ಮುಖ. ಟೋಪಿ ಬದಲಿಸಿದರೆ ಸಾಕಾಗುತ್ತಿತ್ತು.

ಉತ್ತರದ ದೇಶದಿಂದ ಬಂದ ಸಂಶೋಧಕ ಡಾಕ್ಟರ್ ವಿಟ್‌ಕೋಂಬ್ ಎದ್ದು ಹಲ್ಲು ಕಿರಿದ. "ಸಂತೋಷದ ಸುದ್ದಿ! ಇಲ್ಲಿ ಕಬ್ಬು ಕಡಿಯುವವರಲ್ಲಿ ರೋಗ ಇಳಿದಿದೆ!"

"ಮಣ್ಣಲ್ಲಿ ಮಲಗಿರೋರ್ನೂ ಲೆಕ್ಕ ಹಾಕವ್ನಾ ಕೇಳು ಆ ಮುಸುಡೀನ" ಎಂದಳು ಒಲೆಗಾರಿಯೊನ ಹೆಂಡತಿ ಹೆರ್ಮೆಲಿಂದಾ.

"ಸುಮ್ಕಿರೇ."

"ಯಾಕ್ ಸುಮ್ಕಿರ್ಲಿ? ನಿಮ್ಮಣ್ಣನ್ನ ಹೂತು ಬಂದ್ವಲ್ಲ, ಅವಂಗೂ ಇಳೀತಾ?"

ಅಷ್ಟರಲ್ಲಿ ವಿಟ್‌ಕೋಂಬ್ ಬಹುಮಾನ ಸಾರಿದ. ಕಾರ್ಖಾನೆಯ ಹೆಸರು ಬರೆದ ನೀರಿನ ಬಾಟ್ಲಿ. ಊರಿಗೆಲ್ಲ ಅತ್ಯುತ್ತಮ ಕಿಡ್ನಿ ಒಲೆಗಾರಿಯೊನದಂತೆ!

ಅಂಗಳ ಗೊಳ್ಳೆಂದಿತು. "ಹೋಗಪ್ಪಾ ಮದ್ವೆಗಂಡೇ, ತೆಯೋದುಲೊ ಪರ್ವಾಗಿ ಈಸ್ಕೊಂಡ್ ಬಾ!" ಎಂದು ಹಿಂದಿನಿಂದ ಯಾರೋ ಕಿಚಾಯಿಸಿದರು.

ಒಲೆಗಾರಿಯೊ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ. ಸಾವೆದ್ರಾ ಬಾಟ್ಲಿ ಕೊಡುವ ನೆಪದಲ್ಲಿ ಕಿವಿಯ ಬಳಿ ಬಗ್ಗಿದ.

"ತಗೊಂಡು ತೆಪ್ಪಗೆ ಇಳಿಯೋ ಬೋಳಿಮಗನೇ. ಆ ಮೀನುಗಾರನ ತೋಳು ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ನೀನು ಕಡಿ, ನಾನು ಕಣ್ಣು ಮುಚ್ಕೋತೀನಿ. ನಾಳೆ ನೀನು ಸತ್ರೂ ಕಾಗದದ ಮೇಲೆ ನಿನ್ನ ಕಿಡ್ನಿ ಚಿನ್ನ. ನಿನ್ನ ಹೆಂಡ್ತಿ ಪರಿಹಾರ ಅಂತ ನಮ್ಮ ಗೇಟು ಬಡಿಯೋ ಹಂಗಿಲ್ಲ."

ತಾವು ಕಾರ್ಖಾನೆಯ ಕಣ್ಣಿಗೆ ಮಣ್ಣೆರಚುತ್ತಿದ್ದೇವೆ ಎಂದು ಇಷ್ಟು ಕಾಲ ಬೀಗಿದ್ದೆಲ್ಲ ಅದೇ ಕಾರ್ಖಾನೆಯ ಚಾಕರಿಯಾಗಿತ್ತು. ಒಲೆಗಾರಿಯೊ ಕೆಳಗೆ ಕೂತ ಹೆರ್ಮೆಲಿಂದಾಳನ್ನು ನೋಡಿದ. ಬಾಟ್ಲಿಯನ್ನು ಮೇಜಿನ ಮೇಲೆ ಕುಕ್ಕಿದ. ಅಲ್ಲೇ ಬೆರಳು ಚುಚ್ಚಿ ರಕ್ತ ನೋಡುವ ಅಂಗೈಯಗಲದ ಯಂತ್ರವಿತ್ತು.

"ಡಾಕ್ಟ್ರೇ, ಅತ್ಯುತ್ತಮ ಕಿಡ್ನಿ ಇನ್ನೊಂದ್ ಸಲ ನೋಡ್ರಿ. ಎಲ್ರ ಮುಂದೆ."

"ಬೇಡ ಬೇಡ" ಎಂದ ಸಾವೆದ್ರಾ. ವಿಟ್‌ಕೋಂಬ್‌ಗೆ ಮಾತ್ರ ಖುಷಿಯೋ ಖುಷಿ. ಫೋಟೋದವನನ್ನು ಹತ್ತಿರ ಕರೆದು, ಒಲೆಗಾರಿಯೊನ ಸುಟ್ಟ ಕಬ್ಬಿನ ಮಸಿ ಹತ್ತಿದ ಬೆರಳು ಒರೆಸಿ ಚುಚ್ಚಿದ. ಯಂತ್ರ ಕೀಂಗುಟ್ಟಿತು. ಅವನು ಅದನ್ನು ನೋಡಿದ, ಅಲ್ಲಾಡಿಸಿದ, ಮತ್ತೆ ನೋಡಿದ. ಹಲ್ಲು ಒಳಗೆ ಹೋದವು.

ಸಾವೆದ್ರಾ ಮೈಕು ಕಸಿದುಕೊಂಡ. "ಯಂತ್ರ ಕೆಟ್ಟಿದೆ! ಕಾರ್ಯಕ್ರಮ ಮುಗೀತು!"

"ಕೆಟ್ಟಿರೋದು ಯಂತ್ರ ಅಲ್ಲ ಕಣೋ, ನನ್ ರಕ್ತ!" ಒಲೆಗಾರಿಯೊಗೆ ಮೈಕು ಬೇಕಾಗಲಿಲ್ಲ. "ನೀವು ಅಳೆದಿದ್ದು ತೆಯೋದುಲೊ ತೋಳು! ಕಾಗದದಾಗೆ ನಮ್ ಕಿಡ್ನಿ ಚಿನ್ನವಂತೆ, ನಾವು ಸತ್ರೆ ಹೆಂಡ್ರಿಗೆ ಪರಿಹಾರ ಇಲ್ವಂತೆ!"

"ನಾಳೆಯಿಂದ ಗೇಟೊಳಗೆ ಕಾಲಿಟ್ರೆ ಮುರಿಸ್ತೀನಿ!" ಎಂದು ಸಾವೆದ್ರಾ ಅರಚಿದ.

ಹೆರ್ಮೆಲಿಂದಾ ಎದ್ದು ಪಕ್ಕದವನ ಭುಜ ಹಿಡಿದು ನೂಕಿದಳು. "ಏನ್ ನೋಡ್ತಾ ಕುಂತೀರ್ಲಾ? ಹೆಂಡ್ರುನ್ನ ಬರಿಗೈಯಾಗೆ ಬಿಟ್ಟು ಸಾಯೋಕಾ?"

ಮೊದಲು ಮುದುಕ ಕಾನ್ದಿದೊ ಎದ್ದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ವೇದಿಕೆಯ ಮೆಟ್ಟಿಲಿನಿಂದ ಬಿಸಿಲಿನತ್ತ ಸಾಲು ಬೆಳೆಯಿತು. ಗುಂಪಿನ ಹಿಂದೆ ಸೇರಿಕೊಂಡಿದ್ದ ತೆಯೋದುಲೊ ಮಾತ್ರ ಟೋಪಿ ತೆಗೆದು ಕೂತೇ ಇದ್ದ. ಕಾನ್ದಿದೊ ಕರಿ ಬೆರಳನ್ನು ವಿಟ್‌ಕೋಂಬ್‌ನ ಮೂಗಿನ ಮುಂದೆ ಹಿಡಿದ.

"ನಂದೂ ಚುಚ್ಚಿ ಡಾಕ್ಟ್ರೇ. ಯಾವನ ರಕ್ತಕ್ಕೆ ನಿಮ್ಮ ಯಂತ್ರ ರಿಪೇರಿ ಆಯ್ತದೋ ನೋಡೇಬಿಡವಾ."